ಕೋವಿಗೆ ಲೈಸೆನ್ಸು ಉಂಟು, ಗರಗಸಕ್ಕೆ?

ಮಳೆಗಾಲದ ಬೆಳಿಗ್ಗೆ ಘಾಟಿ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿದೆ. ಎರಡೂ ಕಡೆ ಬಸ್ಸು, ಲಾರಿ, ಜೀಪು ಸಾಲುಗಟ್ಟಿ ನಿಂತಿವೆ. ಆಫೀಸಿಗೆ ಹೋಗುವವರು ವಾಚು ನೋಡಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿದ ಆಳೊಬ್ಬ ಹೆಗಲ ಮೇಲೆ ಚೈನ್ ಸಾ ಹೊತ್ತು ಬರುತ್ತಾನೆ. ಹಗ್ಗ ಎಳೆದು ಸ್ಟಾರ್ಟ್ ಮಾಡುತ್ತಾನೆ. ಗುರ್ ಎಂಬ ಸದ್ದು, ನೀಲಿ ಹೊಗೆ, ಹಾರುವ ಹೊಟ್ಟು. ಹತ್ತು ನಿಮಿಷದಲ್ಲಿ ದಾರಿ ಖುಲ್ಲಾ. ಜನ ಬಸ್ಸು ಹತ್ತುತ್ತಾರೆ. ಆಳು ಬೀಡಿ ಹಚ್ಚುತ್ತಾನೆ.

ಆ ಹತ್ತು ನಿಮಿಷ ಅವನ ಬರಿಗಾಲಿಗೂ ಓಡುವ ಚೈನಿಗೂ ನಡುವೆ ಇದ್ದದ್ದು ಒಂದು ಗೇಣು ಅಂತರ. ಅದನ್ನು ಗಮನಿಸಿದವರು ಎಷ್ಟು ಮಂದಿ?

ಅದೇ ಆಳು ಹೆಗಲ ಮೇಲೆ ಜೋಡಿ ನಳಿಗೆಯ ಕೋವಿ ಹೊತ್ತು ಬಂದಿದ್ದರೆ? ಬಸ್ಸಿನಲ್ಲಿದ್ದವರೆಲ್ಲ ಹೌಹಾರುತ್ತಿದ್ದರು. ಕಂಡಕ್ಟರು ಪೊಲೀಸರಿಗೆ ಫೋನು ಮಾಡುತ್ತಿದ್ದ. ಕೋವಿ ಕಂಡರೆ ಭಯ, ಗರಗಸ ಕಂಡರೆ ಸಮಾಧಾನ. ಮಲೆನಾಡು, ಕೊಡಗಿನ ಜನರಿಗೆ ಎರಡೂ ಹಳೇ ಪರಿಚಯ. ಆದರೆ ಇವೆರಡರಲ್ಲಿ ಹೆಚ್ಚು ಅಪಾಯದ್ದು ಯಾವುದು ಎಂಬ ಪ್ರಶ್ನೆ ಬಂದರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಪಕ್ಷ ಖಂಡಿತ.

"ಕೋವಿಯೇ ಸ್ವಾಮಿ. ಒಂದು ಈಡು ಬಿದ್ದರೆ ಮುಗೀತು, ಆಸ್ಪತ್ರೆ ಮಾತೇ ಇಲ್ಲ" ಎನ್ನುವುದು ಒಂದು ಪಕ್ಷ.

"ಏನ್ರೀ ಶೆಟ್ರೇ, ಕೋವಿ ವರ್ಷವಿಡೀ ಗೋಡೆ ಮೇಲಿರುತ್ತೆ. ಮಿಷಿನ್ನು ದಿನಾ ಕೈಯಲ್ಲಿರುತ್ತೆ. ನಮ್ಮ ಮೇಸ್ತ್ರಿ ಕಾಲು ನೋಡಿದ್ದೀರಾ?" ಎನ್ನುವುದು ಇನ್ನೊಂದು ಪಕ್ಷ.

ಇಬ್ಬರ ಮಾತಿನಲ್ಲೂ ಹುರುಳಿದೆ. ಕಾಫಿ ಆರುವ ಮುಂಚೆ ತೀರ್ಮಾನ ಆಗುವ ವಿಷಯವಂತೂ ಇದಲ್ಲ.

ಕೋವಿಯ ಖಾತೆ

ಮೊದಲು ಕೋವಿಯ ಖಾತೆ ನೋಡೋಣ. ಕೋವಿ ಹುಟ್ಟಿದ್ದೇ ದೂರದಿಂದ ಹೊಡೆಯಲಿಕ್ಕೆ. ಅದರ ಅಪಾಯದ ಗುಟ್ಟೂ ಅದೇ. ಕತ್ತಿ ಬೀಸಿದವನಿಗೆ ಎದುರಿನವನ ಮುಖ ಕಾಣುತ್ತದೆ. ಕೋವಿ ಹಿಡಿದವನಿಗೆ ಪೊದೆ ಅಲ್ಲಾಡಿದ್ದು ಮಾತ್ರ ಕಾಣುತ್ತದೆ. ಕಾಡುಹಂದಿ ಎಂದು ಭಾವಿಸಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಈ ಭಾಗದ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ರಾತ್ರಿ ಹೊತ್ತು, ತಲೆಗೆ ಕಟ್ಟಿದ ಟಾರ್ಚು, ಒಂದಿಷ್ಟು ಗುಂಡಿನ ಪ್ರಭಾವ (ಇದು ಬಾಟ್ಲಿಯ ಗುಂಡು!), ಅದರ ಮೇಲೆ ಅವಸರ. ಇಷ್ಟು ಸೇರಿದರೆ ಸಾಕು, ಒಂದು ಮನೆಯ ದೀಪ ಆರುತ್ತದೆ, ಇನ್ನೊಂದು ಮನೆಯವನು ಜೈಲು ಸೇರುತ್ತಾನೆ.

ಗುಂಡಿಗೆ ಬೇಲಿಯ ಗಡಿ ಗೊತ್ತಿಲ್ಲ. ಚಿಕ್ಕದೆಂದು ಹಗುರವಾಗಿ ನೋಡುವ ಪಾಯಿಂಟ್ ಟೂ ಟೂ ರೈಫಲಿನ ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಹೊಡೆದದ್ದು ಗುರಿಗೆ ತಾಗದಿದ್ದರೆ ಎಲ್ಲಿ ಹೋಯಿತು? ಪಕ್ಕದ ತೋಟದ ಲೈನ್ ಮನೆಯ ಕಡೆಗೋ, ಶಾಲೆಗೆ ಹೋಗುವ ಕಾಲುದಾರಿಗೋ? ಬಾಯಿಂದ ಹೊರಟ ಮಾತು, ನಳಿಗೆಯಿಂದ ಹೊರಟ ಗುಂಡು, ಎರಡನ್ನೂ ವಾಪಸು ಕರೆಯಲಾಗದು.

ಹಳೇ ಕಾಲದ ಕೇಪಿನ ಕೋವಿಯದು ಇನ್ನೊಂದು ಕಥೆ. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಜಡಿಯಬೇಕು. ತುಂಬಿದ ಮೇಲೆ ತೆಗೆಯುವುದು ತಲೆನೋವು. ಹಾಗಾಗಿ "ನಾಳೆ ಹಂದಿ ಬಂದರೆ ಇರಲಿ" ಎಂದು ತುಂಬಿದ ಕೋವಿಯನ್ನೇ ಮೂಲೆಗೆ ಒರಗಿಸುವವರಿದ್ದಾರೆ. ಬೇಸಿಗೆ ರಜೆಗೆ ಬಂದ ಮೊಮ್ಮಗನಿಗೆ ಅದು ಆಟದ ಸಾಮಾನು. ಇನ್ನು ಕುಲುಮೆಯಲ್ಲಿ ಗುಟ್ಟಾಗಿ ಮಾಡಿದ ನಾಡಬಂದೂಕು. ಮದ್ದು ಒಂದು ಚಿಟಿಕೆ ಹೆಚ್ಚಾದರೆ ಅದರ ನಳಿಗೆಯೇ ಸಿಡಿದು, ಹೊಡೆದವನ ಕಣ್ಣು ಕೈಯೇ ಹೋಗುತ್ತದೆ. ಹಂದಿ ಬರುವ ದಾರಿಗೆ ಅಡ್ಡ ತಂತಿ ಕಟ್ಟಿ ಕೋವಿ ಹೂಡುವವರೂ ಇದ್ದಾರೆ. ತಂತಿಗೆ ಹಂದಿಯ ಕಾಲು, ಹುಲ್ಲು ಕೊಯ್ಯಲು ಬಂದ ಹೆಂಗಸಿನ ಕಾಲು ಎಂಬ ಭೇದ ಉಂಟೇ?

ಅಪಘಾತವೇ ಕೋವಿಯ ಪೂರ್ತಿ ಲೆಕ್ಕವಲ್ಲ. ಅಮೆರಿಕದಲ್ಲಿ ಇದನ್ನು ಕಟ್ಟುನಿಟ್ಟಾಗಿ ಎಣಿಸುತ್ತಾರೆ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ ಕೈತಪ್ಪಿ ಗುಂಡು ಸಿಡಿದು ಸತ್ತವರು ನೂರಕ್ಕೆ ಇಬ್ಬರೂ ಇಲ್ಲ. ಅರ್ಧಕ್ಕೂ ಹೆಚ್ಚಿನವು ಆತ್ಮಹತ್ಯೆ. ಉಳಿದದ್ದರಲ್ಲಿ ಬಹುಪಾಲು ಕೊಲೆ. ಅಂದರೆ ಕೋವಿಯ ದೊಡ್ಡ ಅಪಾಯ ಕೈತಪ್ಪುವುದರಲ್ಲಿ ಇಲ್ಲ, ಮನಸ್ಸು ತಪ್ಪುವುದರಲ್ಲಿದೆ. ಗಡಿ ತಕರಾರು, ಅಣ್ಣ ತಮ್ಮಂದಿರ ಪಾಲಿನ ಜಗಳ, ಸಾಲದ ಚಿಂತೆ... ಇಂಥ ಹೊತ್ತಿನಲ್ಲಿ ಕೈಗೆಟಕುವಂತೆ ಕೋವಿ ಇದ್ದರೆ ಒಂದು ಕ್ಷಣದ ಸಿಟ್ಟಿಗೋ ಒಂದು ರಾತ್ರಿಯ ಹತಾಶೆಗೋ ಮರಳಿ ಯೋಚಿಸುವ ಪುರುಸೊತ್ತೇ ಸಿಗುವುದಿಲ್ಲ. ಮನೆಯಲ್ಲಿ ಯಾರಾದರೂ ಮಂಕಾಗಿ, ಬದುಕೇ ಬೇಡವೆಂಬ ಮಾತು ಆಡುತ್ತಿದ್ದರೆ ಮೊದಲು ಕೋವಿಯನ್ನು ಆ ಮನೆಯಿಂದ ಸಾಗಿಸಬೇಕು. ಆಮೇಲೆ ಅವರೊಡನೆ ಕೂತು ಮಾತಾಡಬೇಕು. ಸರ್ಕಾರದ ಟೆಲಿ ಮಾನಸ್ ಫೋನು 14416 ಹಗಲೂ ರಾತ್ರಿ ಇದಕ್ಕೆಂದೇ ಇದೆ.

ಗರಗಸದ ಖಾತೆ

ಈಗ ಮಿಷಿನ್ನಿನ ಖಾತೆ. ತಮಾಷೆ ಏನೆಂದರೆ, ಓಡುವ ಹಲ್ಲಿನ ಸರಪಳಿಯ ಗರಗಸ ಮೊದಲು ಕಾಣಿಸಿಕೊಂಡದ್ದು ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ! ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಮತ್ತು ಜೇಮ್ಸ್ ಜೆಫ್ರಿ ಎಂಬ ಇಬ್ಬರು ವೈದ್ಯರು ಮೂಳೆ ಕುಯ್ಯಲಿಕ್ಕೆ ಕೈಯಿಂದ ಎಳೆಯುವ ಸಣ್ಣ ಸರಪಳಿ ಗರಗಸ ಬಳಸಿದ್ದರು. ಮರ ಕೊಯ್ಯುವ ಯಂತ್ರ ಬಂದದ್ದು ಬಹಳ ತಡವಾಗಿ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ ಸರಪಳಿ ಗರಗಸ ಮಾಡಿದ. ಅಮೆರಿಕದ ಒರೆಗಾನಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವಾತ, ಮರದ ಬೊಡ್ಡೆಯೊಳಗೆ ಹುಳವೊಂದು ಎಡಕ್ಕೂ ಬಲಕ್ಕೂ ಕಡಿಯುತ್ತ ಸಾಗುವುದನ್ನು ನೋಡಿ 1947ರಲ್ಲಿ ಹೊಸ ನಮೂನೆಯ ಚೈನು ಮಾಡಿದ. ಇವತ್ತಿನ ಚೈನಿನ ಹಲ್ಲು ಆ ಹುಳದ ಬಾಯಿಗೆ ಋಣಿ.

ಆ ಹಲ್ಲು ಓಡುವ ವೇಗ ಎಷ್ಟು ಗೊತ್ತೇ? ಪೂರ್ತಿ ರೇಸು ಕೊಟ್ಟಾಗ ಸೆಕೆಂಡಿಗೆ ಸುಮಾರು 20 ಮೀಟರು. ಗಂಟೆಗೆ 70 ಕಿಲೋಮೀಟರು ಅನ್ನಿ. ನಿಮ್ಮ ಬಸ್ಸು ಘಾಟಿ ಇಳಿದು ಬಯಲು ರಸ್ತೆಯಲ್ಲಿ ಓಡುವ ವೇಗ. ಅಷ್ಟು ವೇಗದಲ್ಲಿ ಓಡುವ ಹಲ್ಲಿನ ಸಾಲು ಮಾಂಸಕ್ಕೆ ತಾಗಿದರೆ ಅದು ಕತ್ತಿಯ ಗಾಯದಂತೆ ನೇರ ಸೀಳಲ್ಲ. ಚರ್ಮ, ಸ್ನಾಯು, ನರ ಎಲ್ಲವನ್ನೂ ಹರಿದು ಬಾಚಿಕೊಂಡು ಹೋಗುತ್ತದೆ. ಗಾಯದೊಳಗೆ ಎಣ್ಣೆ, ಹೊಟ್ಟು ತುಂಬಿಸಿ ಹೋಗುತ್ತದೆ. ಹೊಲಿಗೆ ಹಾಕುವುದಕ್ಕೂ ಅಂಚು ಸಿಗುವುದಿಲ್ಲ.

ಕೆಲಸ ಬಲ್ಲವರು ಹೆಚ್ಚಾಗಿ ಹೆದರುವುದು ಹಿಂದೊದೆತಕ್ಕೆ. ಬ್ಲೇಡಿನ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೋ ದಿಮ್ಮಿಗೋ ತಾಗಿತೆಂದುಕೊಳ್ಳಿ. ಅಲ್ಲಿ ಚೈನಿಗೆ ಕೊಯ್ಯಲು ಆಗುವುದಿಲ್ಲ. ಕೊಯ್ಯಲಾಗದ ಸಿಟ್ಟನ್ನು ಮಿಷಿನ್ನು ಹಿಡಿದವನ ಮೇಲೆ ತೀರಿಸಿಕೊಳ್ಳುತ್ತದೆ. ಬ್ಲೇಡು ರಪ್ಪನೆ ಮೇಲಕ್ಕೆ, ಹಿಂದಕ್ಕೆ, ನೇರ ಕುತ್ತಿಗೆ ಮುಖದ ಕಡೆಗೆ ಹಾರುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. "ನಾನು ಹುಷಾರಾಗಿರ್ತೀನಿ ಬಿಡಿ" ಎನ್ನುವ ಮಾತು ಇಲ್ಲಿ ನಡೆಯದು. ಹುಷಾರಾಗುವುದಕ್ಕೆ ಮನುಷ್ಯನ ಮೆದುಳಿಗೆ ಬೇಕಾದಷ್ಟು ಸಮಯವೇ ಇಲ್ಲಿ ಇಲ್ಲ. ಅದಕ್ಕೇ ಮುಂದಿನ ಹಿಡಿಯ ಎದುರು ಒಂದು ತಡೆ ಇಟ್ಟಿದ್ದಾರೆ. ಮಿಷಿನ್ನು ಒದ್ದಾಗ ಆ ತಡೆ ಮುಂದೆ ಹೋಗಿ ಚೈನು ನಿಲ್ಲುತ್ತದೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ಅದನ್ನೇ ಬಿಚ್ಚಿಟ್ಟ ಮಿಷಿನ್ನುಗಳೂ ಉಂಟು!

ಅಮೆರಿಕದ ಲೆಕ್ಕವೇ ಇಲ್ಲೂ ಇದೆ. 2009ರಿಂದ 2013ರವರೆಗಿನ ಐದು ವರ್ಷಗಳಲ್ಲಿ ಚೈನ್ ಸಾ ಗಾಯದಿಂದ ಅಲ್ಲಿನ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು. ಹೆಚ್ಚಿನ ಪೆಟ್ಟು ಕೈಬೆರಳಿಗೆ ಮತ್ತು ಮೊಣಕಾಲಿಗೆ. ಅವರಲ್ಲಿ ಬಹುತೇಕರು ಬದುಕಿಕೊಂಡವರು. ಕೋವಿಗೂ ಗರಗಸಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲೇ ಇದೆ. ಕೋವಿ ಕೊಲ್ಲುತ್ತದೆ, ಗರಗಸ ಕುಂಟನನ್ನಾಗಿ ಮಾಡಿ ಬಿಡುತ್ತದೆ.

ಇನ್ನೊಂದು ಮಾತು. ಮರ ಕಡಿಯುವ ಕೆಲಸದಲ್ಲಿ ಸಾಯುವವರಲ್ಲಿ ಬಹಳ ಮಂದಿ ಚೈನು ತಾಗಿ ಸಾಯುವುದಿಲ್ಲ. ಮರವೇ ಮೈಮೇಲೆ ಬೀಳುತ್ತದೆ. ಒಣಗಿದ ಕೊಂಬೆ ತಲೆಗೆ ಬೀಳುತ್ತದೆ. ಮರಗಸಿಗೆ ಹತ್ತಿದವನು ಕೆಳಗೆ ಬೀಳುತ್ತಾನೆ. ಕೊಂಬೆ ಕರೆಂಟಿನ ತಂತಿಗೆ ತಾಗುತ್ತದೆ. ಹಿಂದೆ ಇಬ್ಬರು ಆಚೀಚೆ ಕೂತು ಗರಗಸ ಎಳೆಯುವಾಗ ಮರ ಮುರಿಯುವ ಮುಂಚೆ ಚಟಚಟ ಎನ್ನುವುದು ಕಿವಿಗೆ ಬೀಳುತ್ತಿತ್ತು. ಎಲ್ಲರೂ ಓಡುತ್ತಿದ್ದರು. ಈಗ ಮಿಷಿನ್ನಿನ ಆರ್ಭಟದಲ್ಲಿ ಮರದ ಎಚ್ಚರಿಕೆ ಕೇಳುವುದಿಲ್ಲ. ಕೆಳಗಿದ್ದವರು ಕೂಗಿಕೊಂಡರೂ ಕೇಳುವುದಿಲ್ಲ.

ಯಾವುದು ಹೆಚ್ಚು?

ಹಾಗಾದರೆ ತೀರ್ಪೇನು? ತಲೆ ಎಣಿಸಿ ಹೇಳಿದರೆ ತಪ್ಪಾಗುತ್ತದೆ. ತೋಟದ ಕೋವಿ ವರ್ಷಕ್ಕೆ ನಾಲ್ಕು ಈಡು ಹೊಡೆದರೆ ಹೆಚ್ಚು. ಮಿಷಿನ್ನು ಮರಗಸಿಯ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ಹೆಚ್ಚು ಹೊತ್ತು ಓಡುವುದಕ್ಕೆ ಹೆಚ್ಚು ಅಪಘಾತ, ಇದು ಸಹಜ. ನಮ್ಮ ದೇಶದಲ್ಲಿ ಇನ್ನೂ ಒಂದು ತೊಡಕು. ಅಪಘಾತದ ಸಾವುಗಳ ಸರ್ಕಾರಿ ಪಟ್ಟಿಯಲ್ಲಿ ಬಂದೂಕಿಗೆ ಒಂದು ಸಾಲು ಇದೆ, ಚೈನ್ ಸಾಗೆ ಬೇರೆ ಸಾಲು ಇಲ್ಲ. ಕಾಲು ಕಳೆದುಕೊಂಡು ಬದುಕಿದವನಂತೂ ಸಾವಿನ ಲೆಕ್ಕಕ್ಕೇ ಬರುವುದಿಲ್ಲ.

ಆದರೂ ಒಂದು ಭೇದ ಸ್ಪಷ್ಟ. ಕೋವಿಯ ಅಪಾಯ ನಳಿಗೆಯ ಮುಂದೆ ಇರುವವನಿಗೆ. ಗರಗಸದ ಅಪಾಯ ಹಿಡಿ ಹಿಡಿದವನಿಗೆ. ಕೋವಿ ಇರುವುದು ಸಾಮಾನ್ಯವಾಗಿ ಧಣಿಯ ಮನೆಯಲ್ಲಿ, ಮಿಷಿನ್ನು ಇರುವುದು ಆಳಿನ ಕೈಯಲ್ಲಿ. ಕೋವಿಯಿಂದ ಅನಾಹುತವಾದರೆ ಕೇಸು, ಮಹಜರು, ಪತ್ರಿಕೆಯಲ್ಲಿ ದೊಡ್ಡ ಅಕ್ಷರ. ಮಿಷಿನ್ನಿನಿಂದ ಬೆರಳು ಹೋದರೆ ಒಂದಿಷ್ಟು ಆಸ್ಪತ್ರೆ ಖರ್ಚು, "ಅವನದ್ದೇ ತಪ್ಪು" ಎಂಬ ಒಂದು ಮಾತು. ಮರುದಿನ ಇನ್ನೊಬ್ಬ ಆಳು ಅದೇ ಮಿಷಿನ್ನು ಹಿಡಿಯುತ್ತಾನೆ. ಬೆರಳು ಹೋದವನ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ ಎಂದು ಕೇಳುವವರಾರು?

ಕಾನೂನಿನ ಎರಡು ಕಣ್ಣು

ಕೋವಿಯ ಸುತ್ತ ಕಾನೂನಿನ ಬೇಲಿ ಭದ್ರವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸು ಬೇಕು. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ, ಪೊಲೀಸರ ವರದಿ, ಕಾಲಕಾಲಕ್ಕೆ ನವೀಕರಣ. 2016ರ ನಿಯಮಗಳು ಅರ್ಜಿದಾರರಿಗೆ ತರಬೇತಿಯ ಮಾತನ್ನೂ ಆಡಿವೆ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಮೂರರ ಬದಲು ಎರಡೇ ಕೋವಿ. ಮದುವೆ ದಿಬ್ಬಣದಲ್ಲಿ ಖುಷಿಗೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಕುತ್ತು ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂತೆಂದರೆ ಬೆಳೆ ರಕ್ಷಣೆಯ ಕೋವಿಯನ್ನೂ ಠಾಣೆಗೆ ಒಪ್ಪಿಸಿ ಎಂಬ ಆದೇಶ. "ಚುನಾವಣೆ ಮುಗಿಯೋವರೆಗೆ ತೋಟಕ್ಕೆ ಬರಬೇಡಿ ಅಂತ ಮಂಗನಿಗೆ ಯಾರು ಹೇಳೋರು?" ಎಂದು ಅಡಿಕೆ ಬೆಳೆಗಾರರು ಗೊಣಗುವುದೂ ಮಾಮೂಲು.

ಕೊಡಗಿನದು ಇಲ್ಲಿ ಬೇರೆಯದೇ ಲೆಕ್ಕ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿ ಕೋರ್ಟಿಗೆ ಹೋದಾಗ 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಬರೀ ಆಯುಧವಲ್ಲ, ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ವಸ್ತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಆಕಾಶಕ್ಕೆ. ಆಯುಧಕ್ಕೆ ಕೈಮುಗಿಯುವ ಮನೆಯಲ್ಲಿ ಅದನ್ನು ಹೇಗೆ ಹಿಡಿಯಬೇಕೆಂದು ಅಪ್ಪ ಮಗನಿಗೆ ಹೇಳಿಕೊಡುತ್ತಾನೆ. ನಳಿಗೆ ಯಾರ ಕಡೆಗೂ ತಿರುಗಬಾರದು, ಬೇಲಿ ದಾಟುವಾಗ ತೋಟಾ ತೆಗೆಯಬೇಕು, ಕಾಣದ್ದಕ್ಕೆ ಹೊಡೆಯಬಾರದು. ಲೈಸೆನ್ಸಿನ ಕಾಗದಕ್ಕಿಂತ ಈ ಪಾಠ ದೊಡ್ಡದು.

ಚೈನ್ ಸಾಗೆ ಅಂಥ ಪಾಠ ಹೇಳುವ ಅಪ್ಪನೂ ಇಲ್ಲ, ಶಸ್ತ್ರಾಸ್ತ್ರ ಕಾಯ್ದೆಯಂಥ ಕಾಯ್ದೆಯ ಹಿಡಿತವೂ ಇಲ್ಲ. ಕೃಷಿಗೆ, ಮನೆಬಳಕೆಗೆ ಎಂದೇ ಮಾಡಿದ ಸಾಮಾನು ಆ ಕಾಯ್ದೆಯ ಲೆಕ್ಕದಲ್ಲಿ ಆಯುಧವೇ ಅಲ್ಲ. ಅದು ಸರಿಯೇ. ಗರಗಸವನ್ನು ಕೋವಿಯಂತೆ ಠಾಣೆಯಲ್ಲಿ ಇಡಿಸಿದರೆ ಬಿದ್ದ ಮರ ತೆಗೆಯುವವರಾರು? ಆದರೆ ಲೋಕದಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಫಿಲಿಪೈನ್ಸ್ ದೇಶ 2002ರಲ್ಲಿ ಚೈನ್ ಸಾಗೆಂದೇ ಒಂದು ಕಾಯ್ದೆ ಮಾಡಿ, ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕೆಂದಿತು. ಆದರೆ ಅದು ಕಾಡು ಉಳಿಸಲು ಮಾಡಿದ್ದು, ಕಡಿಯುವವನ ಕಾಲು ಉಳಿಸಲು ಅಲ್ಲ.

ನಮ್ಮಲ್ಲೂ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಮರಕ್ಕೆ ಒಂದು ಕಾಯ್ದೆ, ಕೋವಿಗೆ ಒಂದು ಕಾಯ್ದೆ. ಮಿಷಿನ್ನು ಹಿಡಿದ ಆಳಿಗೆ? ಕೆಲಸದಲ್ಲಿ ಪೆಟ್ಟಾದವನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ತತ್ವ ಈ ದೇಶದಲ್ಲಿ 1923ರಷ್ಟು ಹಳೆಯದು. ಆ ವರ್ಷದ ಕಾಯ್ದೆಯ ಪಟ್ಟಿಗೆ ಮರ ಕಡಿಯುವವರೂ ಸೇರಿದ್ದರು. ಆದರೆ ದಿನಗೂಲಿಗೆ ಬಂದು, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ ಹೋಗುವವನು ಯಾವ ಮಾಲೀಕನ ಆಳು ಎಂದು ತೋರಿಸುವುದು ಹೇಗೆ? ಧಣಿ ಮೇಸ್ತ್ರಿಯನ್ನು ತೋರಿಸುತ್ತಾರೆ, ಮೇಸ್ತ್ರಿ ಆಕಾಶ ತೋರಿಸುತ್ತಾನೆ.

ಅಂಗಡಿಯವರಿಗೂ ಒಂದು ಮಾತು

ಮಿಷಿನ್ನು ಮಾರುವ, ಬಾಡಿಗೆಗೆ ಕೊಡುವ ಅಂಗಡಿಗಳು ಈಗ ಪ್ರತಿ ಪೇಟೆಯಲ್ಲೂ ಇವೆ. ಹಗ್ಗ ಎಳೆದು ಸ್ಟಾರ್ಟ್ ಮಾಡಿ ತೋರಿಸಿ, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕೆಂದು ಹೇಳಿದರೆ ವ್ಯಾಪಾರ ಮುಗಿಯಿತೆಂದು ತಿಳಿಯುವವರು ಹಲವರು. ಜೊತೆಗೆ ಇನ್ನೈದು ನಿಮಿಷ ಕೊಟ್ಟು ಚೈನು ನಿಲ್ಲಿಸುವ ತಡೆ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದರೆ ಗಂಟೇನೂ ಹೋಗುವುದಿಲ್ಲ. ಚೈನ್ ಸಾ ಕೆಲಸಕ್ಕೆಂದೇ ಮಾಡಿದ ಪ್ಯಾಂಟು, ಗೌಸು ಇವೆ. ಅದರೊಳಗೆ ಉದ್ದನೆಯ ನಾರು ತುಂಬಿರುತ್ತಾರೆ. ಚೈನು ತಾಗಿದರೆ ನಾರು ಎಳೆದುಕೊಂಡು ಹೋಗಿ ಮಿಷಿನ್ನಿನ ಚಕ್ರಕ್ಕೆ ಸಿಕ್ಕಿ ಚೈನನ್ನೇ ನಿಲ್ಲಿಸುತ್ತದೆ. ಕಾಲಿನ ಬೆಲೆಗೆ ಹೋಲಿಸಿದರೆ ಇದು ಯಾವ ಲೆಕ್ಕ?

ಬೋರ್ಡಿನ ವಿಷಯವೂ ಉಂಟು. ರಸ್ತೆ ಬದಿಯ ಮರಕ್ಕೆ ಅಂಗಡಿಯ ಬೋರ್ಡು ಬಡಿಯುವ ಪದ್ಧತಿ ಎಲ್ಲ ಊರಲ್ಲೂ ಇದೆ. ಬೋರ್ಡು ಹೋಗುತ್ತದೆ, ಮೊಳೆ ಉಳಿಯುತ್ತದೆ. ಮರ ಬೆಳೆದು ಮೊಳೆಯನ್ನು ನುಂಗುತ್ತದೆ. ಹತ್ತು ವರ್ಷದ ಮೇಲೆ ಆ ಮರ ಬಿದ್ದಾಗ ಮಿಷಿನ್ನಿನ ಹಲ್ಲು ಆ ಮೊಳೆಗೆ ತಾಗುತ್ತದೆ. ಚೈನು ತುಂಡಾಗಿ ಹಾರಿದರೆ ಯಾರ ಮುಖಕ್ಕೆ ಬೀಳುತ್ತದೋ ಬಲ್ಲವರಾರು?

ಮಿಷಿನ್ನು ಹಿಡಿಯುವವರು ಮರೆಯಬಾರದ ಸಂಗತಿಗಳು ಕೆಲವೇ. ಎರಡೂ ಕೈಯಲ್ಲಿ, ಹೆಬ್ಬೆರಳು ಸುತ್ತಿ ಹಿಡಿಯಬೇಕು. ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು. ಬ್ಲೇಡಿನ ತುದಿ ಎಲ್ಲಿದೆ ಎಂಬುದರ ಮೇಲೆ ಸದಾ ಕಣ್ಣಿರಬೇಕು. ಮರ ಉರುಳಿಸುವಾಗ ಬೀಳುವ ಕಡೆ ಮೊದಲು ಕಚ್ಚು ಹಾಕಬೇಕು, ಹಿಂದಿನಿಂದ ಕೊಯ್ಯುವಾಗ ಸ್ವಲ್ಪ ಮರ ಉಳಿಸಿ, ಅದು ಬಾಗಿಲ ತಿರುಗಣಿಯಂತೆ ಮರವನ್ನು ನಿಧಾನ ಇಳಿಸುವಂತೆ ನೋಡಬೇಕು. ಉಳಿದವರು ಮರದ ಎರಡು ಪಟ್ಟು ಎತ್ತರದಷ್ಟು ದೂರ ನಿಲ್ಲಬೇಕು. ಫೋಟೋ ತೆಗೆಯಲು ಹತ್ತಿರ ಬರುವ ಬಸ್ ಪ್ರಯಾಣಿಕರಿಗೂ ಇದು ಅನ್ವಯ!

ಕೋವಿ ಇರುವವರಿಗೂ ಅಷ್ಟೇ. ಪ್ರತಿ ಕೋವಿಯೂ ತುಂಬಿದೆ ಎಂದೇ ತಿಳಿಯಬೇಕು. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಕುಡಿದ ದಿನ ಎರಡೂ ಬೀಗ ಮುಟ್ಟಬಾರದು.

ಇಷ್ಟಾದರೂ ಪೆಟ್ಟಾದರೆ? ಶುದ್ಧ ಬಟ್ಟೆ ಒತ್ತಿ, ರಕ್ತ ನಿಲ್ಲುವವರೆಗೆ ಬಲವಾಗಿ ಹಿಡಿಯಬೇಕು. ಕಾಫಿ ಪುಡಿ, ಸುಣ್ಣ, ಅರಿಶಿನ ತುಂಬಬಾರದು. 108ಕ್ಕೆ ಫೋನು ಮಾಡಿ, ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಬೇಕು. ಒಳತೋಟದಲ್ಲಿ ಫೋನಿನ ಸಿಗ್ನಲ್ ಸಿಗದ ಕಡೆ ಒಬ್ಬನೇ ಮಿಷಿನ್ನು ಹಿಡಿದು ಹೋಗಲೇಬಾರದು.

ಕೊನೆಗೆ

ಹೋಟೆಲಿನ ವಾದಕ್ಕೆ ಉತ್ತರ ಹೀಗೆ ಹೇಳಬಹುದು. ಒಂದು ಸಲ ತಪ್ಪಿದರೆ ಜೀವ ತೆಗೆಯುವುದರಲ್ಲಿ ಕೋವಿಯೇ ಮುಂದು. ದಿನದಿನವೂ ಸದ್ದಿಲ್ಲದೆ ಕೈಕಾಲು ಕೇಳುವುದರಲ್ಲಿ ಗರಗಸ ಮುಂದು. ಕೋವಿಗೆ ಹೆದರುತ್ತೇವೆ, ಆದ್ದರಿಂದ ಬೀಗ ಹಾಕುತ್ತೇವೆ. ಗರಗಸಕ್ಕೆ ಹೆದರುವುದಿಲ್ಲ, ಆದ್ದರಿಂದ ಹವಾಯಿ ಚಪ್ಪಲಿಯಲ್ಲಿ ಆಳನ್ನು ಕಳಿಸುತ್ತೇವೆ.

ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು. ಒಳ್ಳೆಯದೇ. ಮರಗಸಿ ಶುರುವಾಗುವ ಮುಂಚೆ ಮಿಷಿನ್ನು ಹಿಡಿಯುವ ಆಳುಗಳಿಗೂ ಎರಡು ದಿನದ ಶಿಬಿರ ನಡೆಸಿದರೆ ಆಗದೇ? ಬೆಳೆಗಾರರ ಸಂಘಗಳು, ಪಂಚಾಯಿತಿ, ಕಾರ್ಮಿಕ ಇಲಾಖೆ, ಅರಣ್ಯ ಇಲಾಖೆ ಕೈಜೋಡಿಸಿದರೆ ಇದು ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಇದು ಮೇಲು.

ಈ ಸಲ ಮಳೆಗೆ ಮರ ಬಿದ್ದು ಬಸ್ಸು ನಿಂತಾಗ, ಮಿಷಿನ್ನು ಹೊತ್ತು ಬರುವ ಆಳಿನ ಕಾಲಲ್ಲಿ ಬೂಟು, ತಲೆ ಮೇಲೆ ಹೆಲ್ಮೆಟ್ಟು ಇರುತ್ತದೆಯೇ? ಸಂಬಂಧಪಟ್ಟವರು ಇತ್ತ ಗಮನ ಹರಿಸಿಯಾರೇ?